ಕೃತಕ ಮೂತ್ರಪಿಂಡ ಕಟ್ಟಿದ ಡಾಕ್ಟರ್ ಕೋಲ್ಫ್

ಜೂನ್ ತಿಂಗಳು ಕಾಲಿಟ್ಟಿತೆಂದರೆ ಮಲ್ಪೆ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಕಾಪು, ಕಾರ್ಕಳದ ಕಡೆ ಗದ್ದೆಗಳಿಗೆ ನೀರು ತುಂಬಿ ನೇಜಿ ನೆಡುವ ಕೆಲಸ ಶುರುವಾಗುತ್ತದೆ. ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಇಲಿಜ್ವರದ ರೋಗಿಗಳು ಬರತೊಡಗುವುದೂ ಇದೇ ಹೊತ್ತಿನಲ್ಲಿ. ಇಲಿ ಹೆಗ್ಗಣಗಳ ಮೂತ್ರ ಬೆರೆತ ಕೆಸರುನೀರಿನಲ್ಲಿ ಬರಿಗಾಲಲ್ಲಿ ನಿಂತವರ ಕಾಲಿನ ಸಣ್ಣದೊಂದು ಗಾಯ ಸಾಕು, ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ರೋಗಾಣು ಒಳಗೆ ಸೇರಿಬಿಡುತ್ತದೆ. ಮೊದಲು ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪಾದ ಕಣ್ಣು. ಹೆಚ್ಚಿನವರು ಮದ್ದಿಗೆ ಬಗ್ಗುತ್ತಾರೆ. ಕೆಲವರಲ್ಲಿ ಮಾತ್ರ ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇ ಹೋಗುತ್ತದೆ.

ಆಗ ವೈದ್ಯರು ಮನೆಯವರನ್ನು ಕರೆದು 'ಡಯಾಲಿಸಿಸ್ ಮಾಡಬೇಕಾದೀತು' ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ಮನೆಯವರ ಕೈಕಾಲು ತಣ್ಣಗಾಗುತ್ತದೆ. ಡಯಾಲಿಸಿಸ್ ಎಂದರೆ ಮುಗಿಯಿತು, ಇನ್ನು ಬದುಕಿರುವಷ್ಟು ದಿನವೂ ಯಂತ್ರಕ್ಕೆ ಕಟ್ಟಿಹಾಕಿದ ಹಾಗೆ ಎಂಬ ಭಯ ನಮ್ಮಲ್ಲಿ ಬೇರೂರಿಬಿಟ್ಟಿದೆ. 'ಎರಡು ದಿನ ನೋಡುವ ಡಾಕ್ಟ್ರೇ' ಎಂದು ಮುಂದೂಡುವವರಿದ್ದಾರೆ. ಆ ಎರಡು ದಿನಗಳಲ್ಲೇ ಜೀವ ಹೋಗುವುದೂ ಉಂಟು. ನಿಜ ಸಂಗತಿ ಬೇರೆ. ಇಲಿಜ್ವರದಿಂದಲೋ ಕೊಳಕುಮಂಡಲ ಹಾವಿನ ಕಡಿತದಿಂದಲೋ ಇದ್ದಕ್ಕಿದ್ದಂತೆ ಕೈಕೊಟ್ಟ ಮೂತ್ರಪಿಂಡ ಬಹಳ ಸಲ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಕೆಲವು ದಿನಗಳ, ಹೆಚ್ಚೆಂದರೆ ಕೆಲವು ವಾರಗಳ ಬಿಡುವು. ಆ ಬಿಡುವಿನಲ್ಲಿ ಅದರ ಕೆಲಸವನ್ನು ಬೇರೆ ಯಾರಾದರೂ ಮಾಡಿಕೊಡಬೇಕು, ಅಷ್ಟೆ.

ಈ 'ಬೇರೆ ಯಾರಾದರೂ' ಏಕೆ ಒಂದು ಯಂತ್ರವಾಗಬಾರದು ಎಂದು ಯೋಚಿಸಿ, ಅದನ್ನು ಸ್ವತಃ ಕಟ್ಟಿ, ಮನುಷ್ಯರ ಜೀವ ಉಳಿಸಿ ತೋರಿಸಿದವರು ಹಾಲೆಂಡಿನ ವೈದ್ಯ ವಿಲ್ಲೆಮ್ ಯೊಹಾನ್ ಕೋಲ್ಫ್. ಅವರು ಈ ಕೆಲಸ ಮಾಡಿದ್ದು ದೊಡ್ಡ ವಿಶ್ವವಿದ್ಯಾನಿಲಯದಲ್ಲಲ್ಲ. ಐಸೆಲ್ ನದಿಯ ದಡದ ಕಾಂಪೆನ್ ಎಂಬ ಪುಟ್ಟ ಪಟ್ಟಣದ ಆಸ್ಪತ್ರೆಯಲ್ಲಿ, ಅದೂ ಶತ್ರುಸೈನ್ಯ ಊರನ್ನು ಆಳುತ್ತಿದ್ದ ಕಾಲದಲ್ಲಿ.

ಕೋಲ್ಫ್ ಹುಟ್ಟಿದ್ದು 1911ರ ಫೆಬ್ರವರಿ 14ರಂದು, ಲೈಡೆನ್ ನಗರದಲ್ಲಿ. ತಂದೆ ವೈದ್ಯರು, ಕ್ಷಯರೋಗಿಗಳ ಆರೋಗ್ಯಧಾಮವೊಂದರ ನಿರ್ದೇಶಕರು. ರೋಗಿಗಳು ಸಾಯುವುದನ್ನೂ ತಂದೆ ಅದಕ್ಕಾಗಿ ಕೊರಗುವುದನ್ನೂ ಕಂಡಿದ್ದ ಹುಡುಗನಿಗೆ ಡಾಕ್ಟರ ಕೆಲಸವೇ ಬೇಡವಾಗಿತ್ತು. ಮೃಗಾಲಯದ ನಿರ್ದೇಶಕನಾಗುತ್ತೇನೆ ಎಂದನಂತೆ. ದೇಶದಲ್ಲಿ ಇರುವುದೇ ಮೂರು ಮೃಗಾಲಯ, ನಿನಗೆ ಕೆಲಸ ಸಿಕ್ಕೀತೇ ಎಂದು ತಂದೆ ಲೆಕ್ಕ ತೋರಿಸಿದರು. ಓದು ಬರಹದಲ್ಲೂ ಹುಡುಗ ಚುರುಕೇನಲ್ಲ. ಅಕ್ಷರಗಳು ಹಿಂದುಮುಂದಾಗುವ ಡಿಸ್ಲೆಕ್ಸಿಯಾ ತೊಂದರೆ ಅವನಿಗಿತ್ತು. ಆ ಕಾಲದ ಶಾಲೆಗಳಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಆದರೆ ಬಡಗಿಯೊಬ್ಬನ ಬಳಿ ಹೋಗಿ ಮರಗೆಲಸ ಕಲಿಯಲು ಹೆತ್ತವರು ಅಡ್ಡಿ ಮಾಡಲಿಲ್ಲ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಹಿಡಿದು ಮಗನ ಭವಿಷ್ಯವನ್ನು ಅಳೆಯುವ ನಮ್ಮೂರ ತಂದೆತಾಯಂದಿರು ಈ ಮರಗೆಲಸದ ವಿಷಯವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಕೊನೆಗೆ ಹುಡುಗ ವೈದ್ಯನೇ ಆದ. 1938ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದಾಗ ಕೋಲ್ಫ್ ಅವರ ಪಾಲಿಗೆ ಬಂದ ರೋಗಿಗಳಲ್ಲಿ 22 ವರ್ಷದ ಒಬ್ಬ ರೈತ ಯುವಕನಿದ್ದ. ಮೂತ್ರಪಿಂಡಗಳು ಕೆಟ್ಟು, ವಿಷ ರಕ್ತದಲ್ಲಿ ಸೇರಿ, ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಹೀಗೆ ಒಂದೊಂದಾಗಿ ಬಂದು ಆತ ಕಣ್ಣೆದುರೇ ಸತ್ತ. ನಿಮ್ಮ ಒಬ್ಬನೇ ಮಗ ಉಳಿಯುವುದಿಲ್ಲ ಎಂದು ಅವನ ತಾಯಿಗೆ ಹೇಳಬೇಕಾದ ಕೆಲಸ ಈ ಕಿರಿಯ ವೈದ್ಯರ ಪಾಲಿಗೆ ಬಂತು. ಕೋಲ್ಫ್ ಮಾಡಿದ ಲೆಕ್ಕ ತೀರ ಸರಳ: ದಿನಕ್ಕೆ 20 ಗ್ರಾಂನಷ್ಟು ಯೂರಿಯಾವನ್ನು ಹೇಗಾದರೂ ರಕ್ತದಿಂದ ಹೊರತೆಗೆದಿದ್ದರೆ ಹುಡುಗ ಉಳಿಯುತ್ತಿದ್ದನೇನೋ. ಇಪ್ಪತ್ತು ಗ್ರಾಂ ಎಂದರೆ ನಾಲ್ಕು ಚಮಚ ಸಕ್ಕರೆಯಷ್ಟು. ಅಷ್ಟಕ್ಕಾಗಿ ಒಂದು ಪ್ರಾಣ.

ಉಪ್ಪಿನ ಸೊಳೆಯ ವಿಜ್ಞಾನ

ಮೂತ್ರಪಿಂಡ ಮಾಡುವ ಕೆಲಸವನ್ನು ಒಮ್ಮೆ ನೋಡೋಣ. ಮುಷ್ಟಿಯಷ್ಟು ಗಾತ್ರದ, ಸುಮಾರು 150 ಗ್ರಾಂ ತೂಗುವ ಈ ಜೋಡಿ ಅಂಗಗಳಲ್ಲಿ ತಲಾ ಹತ್ತು ಲಕ್ಷದಷ್ಟು ಸೂಕ್ಷ್ಮ ಸೋಸುಕಗಳಿವೆ. ಇವು ದಿನವೊಂದಕ್ಕೆ 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬೇಕಾದ್ದನ್ನೆಲ್ಲ ಮರಳಿ ಹೀರಿಕೊಂಡು, ಬೇಡದ್ದನ್ನು ಒಂದೂವರೆ ಲೀಟರ್ ಮೂತ್ರವಾಗಿ ಹೊರಹಾಕುತ್ತವೆ. ಇಂಥ ಸೂಕ್ಷ್ಮ ಯಂತ್ರವನ್ನು ಮನುಷ್ಯ ಕಟ್ಟುವುದು ಹೇಗೆ?

ಉತ್ತರ ನಮ್ಮ ಕರಾವಳಿಯ ಅಡುಗೆಮನೆಯಲ್ಲೇ ಇದೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲಕ್ಕೆ ತೆಗೆಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ, ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಎನ್ನುತ್ತೇವಲ್ಲ, ಅದು. ಭರಣಿಯಿಂದ ತೆಗೆದ ಸೊಳೆಯನ್ನು ಹಾಗೆಯೇ ಪಲ್ಯ ಮಾಡಿದರೆ ಬಾಯಿಗಿಡಲಾಗದು. ಅಜ್ಜಿ ಅದನ್ನು ಸಿಹಿನೀರಿನಲ್ಲಿ ನೆನೆಸಿಡುತ್ತಾರೆ. ಉಪ್ಪು ಸೊಳೆಯಿಂದ ನೀರಿಗೆ ಇಳಿಯುತ್ತದೆ, ಸೊಳೆ ಸೊಳೆಯಾಗಿಯೇ ಉಳಿಯುತ್ತದೆ. ಒಂದೇ ನೀರಿನಲ್ಲಿ ಬಿಟ್ಟರೆ ಸೊಳೆಯೂ ನೀರೂ ಸಮ ಉಪ್ಪಾಗಿ ನಿಂತುಬಿಡುತ್ತವೆ. ಅದಕ್ಕೇ ಎರಡು ಮೂರು ಸಲ ನೀರು ಬದಲಿಸುವುದು. ಹೆಚ್ಚು ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಿಯುವುದು ಕರಗಿದ ವಸ್ತುವಿನ ಗುಣ. ಪಿ.ಯು.ಸಿ. ಪಠ್ಯಪುಸ್ತಕದಲ್ಲಿ ಇದನ್ನೇ ವಿಸರಣ ಎನ್ನುತ್ತಾರೆ.

ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ಇದೇ ತತ್ತ್ವವನ್ನು ಪೊರೆಯೊಂದರ ಮೂಲಕ ತೋರಿಸಿ ಡಯಾಲಿಸಿಸ್ ಎಂಬ ಹೆಸರಿಟ್ಟರು. ಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ಯೂರಿಯಾದಂಥ ಸಣ್ಣ ಕಣಗಳು ನುಸುಳುತ್ತವೆ, ರಕ್ತಕಣಗಳೂ ಪ್ರೋಟೀನುಗಳೂ ದಾಟಲಾರವು. 1913ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ಏಬೆಲ್ ಮತ್ತು ಸಂಗಡಿಗರು ಪ್ರಾಣಿಗಳ ರಕ್ತವನ್ನು ಹೀಗೆ ಶುದ್ಧಗೊಳಿಸಿದರು. ರಕ್ತ ಹೆಪ್ಪುಗಟ್ಟದಂತೆ ಅವರು ಬಳಸಿದ್ದು ಜಿಗಣೆಯ ಬಾಯಿಯಿಂದ ತೆಗೆದ ರಸ! 1924ರಲ್ಲಿ ಜರ್ಮನಿಯ ಗೀಸೆನ್ ನಗರದ ಗಿಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಇದನ್ನು ಪ್ರಯೋಗಿಸಿದರು. ಆದರೆ ರೋಗಿಗೆ ಉಪಕಾರವಾಗುವಷ್ಟು ವಿಷ ಹೊರಬರಲಿಲ್ಲ. ಜನ ಅದನ್ನು ಮರೆತರು.

ಕೋಲ್ಫ್ ಕಾಲಕ್ಕೆ ಎರಡು ಹೊಸ ಸಾಮಗ್ರಿಗಳು ಸಿದ್ಧವಾಗಿದ್ದವು: ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಶುದ್ಧ ಹೆಪಾರಿನ್ ಮತ್ತು ಸೆಲೊಫೇನ್. ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲೊಫೇನ್ ಕೊಳವೆಯೊಳಗೆ ರಕ್ತ ಮತ್ತು ಯೂರಿಯಾ ಹಾಕಿ, ಉಪ್ಪುನೀರಿನಲ್ಲಿ ಅಲುಗಾಡಿಸಿ ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಯೂರಿಯಾ ಬಹುಪಾಲು ನೀರಿಗಿಳಿದಿತ್ತು. ಉಳಿದದ್ದು ಗಾತ್ರದ ಪ್ರಶ್ನೆ. ಎಷ್ಟು ಉದ್ದದ ಕೊಳವೆ, ಎಷ್ಟು ನೀರು, ಅಲುಗಾಡಿಸುವುದು ಹೇಗೆ?

ಯುದ್ಧದ ನಡುವೆ

1940ರ ಮೇ 10ರಂದು ಜರ್ಮನ್ ಸೈನ್ಯ ಹಾಲೆಂಡಿನ ಮೇಲೆ ಬಿತ್ತು. ಆ ದಿನ ಹೇಗ್ ನಗರದಲ್ಲಿದ್ದ ಕೋಲ್ಫ್ ಅಲ್ಲಿನ ಆಸ್ಪತ್ರೆಗೆ ಹೋಗಿ, ಗಾಯಾಳುಗಳಿಗಾಗಿ ನಾಲ್ಕೇ ದಿನಗಳಲ್ಲಿ ರಕ್ತನಿಧಿಯೊಂದನ್ನು ನಿಲ್ಲಿಸಿದರು. ಯುರೋಪ್ ಖಂಡದ ಮೊದಲ ರಕ್ತನಿಧಿ ಎಂದು ಅದಕ್ಕೆ ಹೆಸರಿದೆ. ಗ್ರೋನಿಂಗೆನ್‌ನಲ್ಲಿ ಅವರ ಬೆನ್ನು ತಟ್ಟಿದ್ದ ಯೆಹೂದಿ ಪ್ರಾಧ್ಯಾಪಕ ಪೋಲಕ್ ಡೇನಿಯಲ್ಸ್ ನಾಜಿಗಳ ಕೈಗೆ ಸಿಕ್ಕುವುದಕ್ಕಿಂತ ಸಾವೇ ಲೇಸೆಂದು ಪತ್ನಿಯೊಡನೆ ಪ್ರಾಣ ಬಿಟ್ಟಿದ್ದರು. ಆ ಸ್ಥಾನಕ್ಕೆ ನಾಜಿ ಪಕ್ಷದವನು ಬಂದ. ಅವನ ಕೈಕೆಳಗೆ ದುಡಿಯಲು ಒಲ್ಲದೆ ಕೋಲ್ಫ್ 1941ರಲ್ಲಿ ಕಾಂಪೆನ್‌ಗೆ ಹೊರಟುಬಂದರು. ವಿಶ್ವವಿದ್ಯಾನಿಲಯ ಬಿಟ್ಟು ಸಣ್ಣ ಊರು ಸೇರಿದವನ ಸಂಶೋಧನೆ ಅಲ್ಲಿಗೆ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿರಲಿಲ್ಲ.

ಕಾಂಪೆನ್‌ನಲ್ಲಿ ಎನಾಮೆಲ್ ಪಾತ್ರೆಗಳ ಕಾರ್ಖಾನೆಯೊಂದಿತ್ತು. ಅದರ ಮುಖ್ಯಸ್ಥ ಹೆಂಡ್ರಿಕ್ ಬೆರ್ಕ್ ಈ ಹುಚ್ಚು ಡಾಕ್ಟರಿಗೆ ಕೈಜೋಡಿಸಿದರು. ಲೋಹ ಸಿಗದ ಕಾಲ, ಸಿಕ್ಕರೂ ಜರ್ಮನ್ನರ ಕಣ್ಣು ತಪ್ಪಿಸಬೇಕು. ಹಾಗಾಗಿ ಮರದ ಪಟ್ಟಿಗಳಿಂದ ದೊಡ್ಡ ಡ್ರಮ್ ಸಿದ್ಧವಾಯಿತು. ಬಡಗಿಯ ಶಿಷ್ಯತ್ವ ಇಲ್ಲಿ ಕೆಲಸಕ್ಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಡ್ರಮ್ಮಿನ ಸುತ್ತ ಮೀಟರುಗಟ್ಟಲೆ ಸೆಲೊಫೇನ್ ಕೊಳವೆ ಸುತ್ತಿ, 100 ಲೀಟರಿನಷ್ಟು ದ್ರವ ಹಿಡಿಯುವ ಎನಾಮೆಲ್ ತೊಟ್ಟಿಯಲ್ಲಿ ಅರ್ಧ ಮುಳುಗಿಸಿ ತಿರುಗಿಸುವುದು. ಡ್ರಮ್ ತಿರುಗುತ್ತಿರುವಾಗ ರೋಗಿಯ ರಕ್ತ ಕೊಳವೆಯೊಳಗೆ ಹರಿಯಬೇಕು, ಸೋರಬಾರದು. ತಿರುಗುವ ಭಾಗವನ್ನು ಸ್ಥಿರ ಭಾಗಕ್ಕೆ ಜೋಡಿಸುವ ಈ ಕಗ್ಗಂಟನ್ನು ಬಿಡಿಸಿದ್ದು ಫೋರ್ಡ್ ಕಾರಿನ ನೀರಿನ ಪಂಪಿನ ಜೋಡಣೆ. ತೊಟ್ಟಿಯಲ್ಲಿ ಬರೀ ನೀರಿದ್ದರೆ ರಕ್ತದ ಅಗತ್ಯ ಲವಣಗಳೂ ಹೊರಟುಹೋಗುತ್ತವಲ್ಲ? ಆದ್ದರಿಂದ ರಕ್ತದಲ್ಲಿ ಇರಬೇಕಾದಷ್ಟೇ ಉಪ್ಪನ್ನು ನೀರಿಗೂ ಬೆರೆಸಿದರು. ಬೇಕಾದ್ದು ಉಳಿದು ಬೇಡದ್ದು ಮಾತ್ರ ಹೋಗುವ ಗುಟ್ಟು ಇದೇ.

1943ರ ಮಾರ್ಚ್ 17ರಂದು 29 ವರ್ಷದ ಮಹಿಳೆಯೊಬ್ಬಳ ಮೇಲೆ ಯಂತ್ರದ ಮೊದಲ ಪ್ರಯೋಗ. ಯೂರಿಯಾ ಇಳಿಯಿತು, ಆಕೆ ಚೇತರಿಸಿಕೊಂಡಂತೆ ಕಂಡಿತು. ಆದರೆ ಆಕೆಯದು ಹಳೆಯ ಕಾಯಿಲೆ, ಮೂತ್ರಪಿಂಡಗಳು ಪೂರ್ತಿ ಕುಗ್ಗಿಹೋಗಿದ್ದವು. ಪ್ರತಿ ಸಲವೂ ರಕ್ತನಾಳವನ್ನು ಕೊಯ್ದು ಕೊಳವೆ ಜೋಡಿಸಬೇಕಾಗಿತ್ತು. 12 ಸಲ ಮಾಡುವಷ್ಟರಲ್ಲಿ ಬಳಸಬಹುದಾದ ನಾಳಗಳೇ ಮುಗಿದವು. 26 ದಿನಗಳ ಬಳಿಕ ಆಕೆ ತೀರಿಕೊಂಡಳು.

ಆಮೇಲಿನ ಎರಡೂವರೆ ವರ್ಷ ಸೋಲಿನ ಮೇಲೆ ಸೋಲು. ಮೊದಲ 16 ರೋಗಿಗಳಲ್ಲಿ ಈ ಯಂತ್ರದಿಂದಲೇ ಬದುಕಿದರೆಂದು ಎದೆತಟ್ಟಿ ಹೇಳಬಹುದಾದವರು ಒಬ್ಬರೂ ಇರಲಿಲ್ಲ. ಯಾವ ಕೆಲಸದಲ್ಲೇ ಆಗಲಿ, ಸತತವಾಗಿ ಹದಿನಾರು ಸಲ ವಿಫಲನಾದವನನ್ನು ನಾವು ಏನೆಂದು ಕರೆಯುತ್ತೇವೆ? ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕೋಲ್ಫ್ ಬರೀ ಹಟದಿಂದ ಮುಂದುವರಿದದ್ದಲ್ಲ. ಪ್ರತಿ ರೋಗಿಯ ರಕ್ತದ ಯೂರಿಯಾ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂದು ಅಳೆಯುತ್ತಿದ್ದರು. ರೋಗಿ ಸತ್ತರೂ ಯಂತ್ರ ತನ್ನ ಕೆಲಸ ಮಾಡಿದೆ ಎಂಬುದನ್ನು ಅಂಕಿಗಳು ಹೇಳುತ್ತಿದ್ದವು. ಯಂತ್ರ ಕೆಟ್ಟದ್ದಲ್ಲ, ತಕ್ಕ ರೋಗಿ ತಕ್ಕ ಹೊತ್ತಿಗೆ ಸಿಗುತ್ತಿಲ್ಲ ಎಂಬುದು ಅವರಿಗೆ ತಿಳಿದಿತ್ತು.

1945ರ ಸೆಪ್ಟೆಂಬರಿನಲ್ಲಿ, ಯುದ್ಧ ಮುಗಿದ ಮೇಲೆ, ಅಂಥ ರೋಗಿ ಸಿಕ್ಕಿದರು. ಹೆಸರು ಸೋಫಿಯಾ ಶಾಫ್‌ಸ್ಟಾಟ್, ವಯಸ್ಸು 67. ಪಿತ್ತಕೋಶದ ಸೋಂಕಿನಿಂದ ಮೂತ್ರಪಿಂಡಗಳು ಒಮ್ಮೆಲೇ ನಿಂತು ಪ್ರಜ್ಞೆ ತಪ್ಪಿದ್ದಾಕೆ. ವಿಪರ್ಯಾಸವೆಂದರೆ ಈಕೆ ನಾಜಿಗಳ ಪರವಾಗಿದ್ದವಳೆಂದು ಸೆರೆಮನೆಗೆ ತಳ್ಳಲ್ಪಟ್ಟವಳು. ಊರಿನವರಿಗೆ ಅವಳ ಹೆಸರೆತ್ತಿದರೆ ಸಿಟ್ಟು. ಸ್ವತಃ ನಾಜಿಗಳಿಂದ ಗುರುವನ್ನೂ ನೆಲೆಯನ್ನೂ ಕಳೆದುಕೊಂಡಿದ್ದ ಕೋಲ್ಫ್ ಅವಳನ್ನು ಯಂತ್ರಕ್ಕೆ ಜೋಡಿಸಿದರು. ಹನ್ನೊಂದು ಗಂಟೆಗಳ ಡಯಾಲಿಸಿಸ್ ಆದ ಮೇಲೆ ಕಣ್ಣು ತೆರೆದ ಮುದುಕಿ ಮೊದಲು ಆಡಿದ ಮಾತು, ಗಂಡನಿಗೆ ವಿಚ್ಛೇದನ ಕೊಡುತ್ತೇನೆ ಎಂಬುದಾಗಿತ್ತಂತೆ! ಕೆಲವು ದಿನಗಳಲ್ಲಿ ಆಕೆಯ ಮೂತ್ರಪಿಂಡಗಳು ತಾವಾಗಿ ಕೆಲಸಕ್ಕೆ ತೊಡಗಿದವು. ಮತ್ತೆ ಆರೇಳು ವರ್ಷ ಬದುಕಿ, ಬೇರೆ ಕಾರಣದಿಂದ ತೀರಿಕೊಂಡಳು. ಮಳೆಗಾಲದಲ್ಲಿ ಇಲಿಜ್ವರದ ರೋಗಿಗೆ ನಾಲ್ಕಾರು ಡಯಾಲಿಸಿಸ್ ಮಾಡಿ ಮನೆಗೆ ಕಳುಹಿಸುವ ನಮ್ಮ ವೈದ್ಯರು ಇಂದು ಮಾಡುತ್ತಿರುವುದು ಅಂದು ಈ ಮುದುಕಿಗೆ ಮಾಡಿದ್ದನ್ನೇ.

ಕೋಲ್ಫ್ ತಮ್ಮ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯುದ್ಧಕಾಲದಲ್ಲಿ ಕಟ್ಟಿ ಅಡಗಿಸಿಟ್ಟಿದ್ದ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್ ಮುಂತಾದೆಡೆಯ ಆಸ್ಪತ್ರೆಗಳಿಗೆ ಉಚಿತವಾಗಿ ಕಳುಹಿಸಿದರು. ನಕ್ಷೆಗಳನ್ನು ಕೇಳಿದವರಿಗೆ ಕೊಟ್ಟರು. ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯವರು ಆ ನಕ್ಷೆಯನ್ನು ತಿದ್ದಿ ಕಟ್ಟಿದ ಯಂತ್ರ 1950ರ ದಶಕದ ಕೊರಿಯಾ ಯುದ್ಧದಲ್ಲಿ ಗಾಯಾಳು ಸೈನಿಕರ ಜೀವ ಉಳಿಸಿತು. ಇದೇ ಕಾಲಕ್ಕೆ ಸ್ವೀಡನ್ನಿನ ಲುಂಡ್‌ನಲ್ಲಿ ನಿಲ್ಸ್ ಆಲ್ವಾಲ್ ಬೇರೊಂದು ಬಗೆಯ ಯಂತ್ರ ಕಟ್ಟಿದ್ದರು. ಒಬ್ಬನೇ ಮಹಾಪುರುಷ ಎಲ್ಲವನ್ನೂ ಮಾಡಿದ ಎಂದು ಬರೆಯುವುದು ಲೇಖಕರಿಗೆ ಸುಲಭ, ವಿಜ್ಞಾನ ನಡೆಯುವುದು ಹಾಗಲ್ಲ.

1950ರಲ್ಲಿ ಕೋಲ್ಫ್ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿದರು. 1956ರಲ್ಲಿ ಬ್ರೂನೋ ವಾಟ್ಶಿಂಗರ್ ಜೊತೆ ಹಣ್ಣಿನ ರಸದ ಡಬ್ಬಿಯ ಸುತ್ತ ಕೊಳವೆ ಸುತ್ತಿ, ಒಮ್ಮೆ ಬಳಸಿ ಎಸೆಯಬಹುದಾದ ಸೋಸುಕವೊಂದನ್ನು ರೂಪಿಸಿದರು. ಮರದ ಡ್ರಮ್ ಅಲ್ಲಿಗೆ ಮೂಲೆ ಸೇರಿತು. ಮುಂದೆ ಬಟ್ಟೆ ಒಗೆಯುವ ಯಂತ್ರವನ್ನೇ ಡಯಾಲಿಸಿಸ್ ಯಂತ್ರವನ್ನಾಗಿ ಮಾಡಿ, ಬಡವರೂ ಮನೆಯಲ್ಲೇ ಬಳಸುವಂತಾಗಬೇಕೆಂದು ಹೆಣಗಿದರು.

ಏಳು ಮಂದಿಯ ಸಮಿತಿ

ಅಷ್ಟಾದರೂ ಮೊದಲ ರೋಗಿಯನ್ನು ಕೊಂದ ಸಮಸ್ಯೆ ಹಾಗೆಯೇ ಉಳಿದಿತ್ತು. ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ವಾರಕ್ಕೆರಡು ಮೂರು ಸಲ, ವರ್ಷಗಟ್ಟಲೆ ಡಯಾಲಿಸಿಸ್ ಬೇಕು. ಪ್ರತಿ ಸಲ ನಾಳ ಕೊಯ್ಯುವುದು ಹೇಗೆ? 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ವೇಯ್ನ್ ಕ್ವಿಂಟನ್ ಎಂಬವರ ಕೈಚಳಕದ ನೆರವಿನಿಂದ, ರಕ್ತ ಅಂಟದ ಟೆಫ್ಲಾನ್ ಕೊಳವೆಯನ್ನು ರೋಗಿಯ ತೋಳಿನಲ್ಲೇ ಕಾಯಂ ಆಗಿ ಇರಿಸಿದರು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದರು. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಚಿಮಿನೋ ಮತ್ತು ಸಂಗಡಿಗರು ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಸೇರಿಸುವ ಫಿಸ್ಟುಲಾ ವಿಧಾನ ತಂದರು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಉಬ್ಬಿದ ನಾಳ ಕಾಣುತ್ತದಲ್ಲ, ಅದೇ ಇದು.

ಜೀವ ಉಳಿಸುವ ದಾರಿಯೇನೋ ಸಿಕ್ಕಿತು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ಸಾಲುಗಟ್ಟಿ. ಯಾರಿಗೆ ಕೊಡುವುದು? ಸಿಯಾಟಲ್‌ನಲ್ಲಿ ಊರಿನ ಏಳು ಮಂದಿಯ ಸಮಿತಿಯೊಂದು ಕೂತು, ಅರ್ಜಿದಾರರ ಮದುವೆ, ಮಕ್ಕಳು, ಉದ್ಯೋಗ, ನಡತೆ ನೋಡಿ ಆರಿಸತೊಡಗಿತು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೊಡ್ಡ ಕೋಲಾಹಲವೆದ್ದಿತು. ಹತ್ತು ವರ್ಷಗಳ ಬಳಿಕ, 1972ರಲ್ಲಿ, ಅಮೆರಿಕ ಸರಕಾರ ಕಾನೂನು ಮಾಡಿ ಡಯಾಲಿಸಿಸ್ ವೆಚ್ಚ ಹೊರಲು ಒಪ್ಪಿತು.

ನಮ್ಮಲ್ಲಿ ಅಂಥ ಸಮಿತಿ ಇರಲಿಲ್ಲ, ನಿಜ. ಆದರೆ ಬಹಳ ಕಾಲ ಆ ತೀರ್ಮಾನವನ್ನು ಮನೆಯವರ ಕಿಸೆಯೇ ಮಾಡಿತು. ಜಾಗ ಮಾರಿ, ಚಿನ್ನ ಅಡವಿಟ್ಟು ಕೆಲವು ತಿಂಗಳು ಎಳೆದು, ಕೊನೆಗೆ ಕೈಬಿಟ್ಟ ಕುಟುಂಬಗಳ ಲೆಕ್ಕ ಇಟ್ಟವರಿಲ್ಲ. ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಬಡವರ ಕಿಡ್ನಿ ಖರೀದಿಯ ಹೀನ ದಂಧೆಯೂ ಅದರ ಬೆನ್ನಿಗೇ ಬೆಳೆದು, ನಮ್ಮ ಬೆಂಗಳೂರಿನ ಹೆಸರೂ ಅದರಲ್ಲಿ ಕೆಟ್ಟು, 1994ರಲ್ಲಿ ಅಂಗಾಂಗ ಕಸಿ ಕಾಯಿದೆ ಬಂತು. 2016ರಲ್ಲಿ ಕೇಂದ್ರ ಸರಕಾರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿತು. ಈಗ ಕರ್ನಾಟಕದಲ್ಲಿ ತಾಲೂಕು ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ, ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ. ವಾರಕ್ಕೆ ಮೂರು ದಿನ ಬಸ್ಸು ಹತ್ತಿ, ನಾಲ್ಕು ನಾಲ್ಕು ಗಂಟೆ ಮಲಗಿ, ಸುಸ್ತಾಗಿ ಮರಳುವ ಕಷ್ಟ, ಜೊತೆಗೆ ಬಂದವರ ಕೂಲಿ ತಪ್ಪುವ ಕಷ್ಟ ಉಚಿತ ಚೀಟಿಯಿಂದ ತೀರುವುದಿಲ್ಲ.

ನಮ್ಮ ಗುಡ್ಡದ ಮೇಲೆ

ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು 1953ರಲ್ಲಿ. ಅತ್ತ ಕ್ಲೀವ್‌ಲ್ಯಾಂಡಿನಲ್ಲಿ ಕೋಲ್ಫ್ ತಮ್ಮ ಯಂತ್ರವನ್ನು ತಿದ್ದುತ್ತಿದ್ದ ವರ್ಷಗಳವು. ಆ ಕಾಲೇಜಿನಲ್ಲೇ ಓದಿ, ಅಮೆರಿಕದಲ್ಲಿ ಮೂತ್ರಪಿಂಡ ಶಾಸ್ತ್ರ ಕಲಿತು ಬೆಂಗಳೂರಿಗೆ ಮರಳಿದ ಡಾ. ಎಚ್. ಸುದರ್ಶನ ಬಲ್ಲಾಳರಂಥ ತಜ್ಞರು ರಾಜ್ಯಕ್ಕೆ ಪರಿಚಿತರು. ಕರಾವಳಿಯ ಇಲಿಜ್ವರ, ಹಾವಿನ ವಿಷ ಮೂತ್ರಪಿಂಡಕ್ಕೆ ಮಾಡುವ ಹಾನಿಯ ಕುರಿತು ಮಣಿಪಾಲದ ವೈದ್ಯರು ಪ್ರಕಟಿಸಿದ ಅಧ್ಯಯನಗಳಿವೆ. ಸಂಶೋಧನೆಯ ವಿಷಯ ಹುಡುಕಲು ದೂರ ಹೋಗಬೇಕಾಗಿಲ್ಲ, ಮನೆಯೆದುರಿನ ಗದ್ದೆಯಲ್ಲೇ ಇದೆ.

ಈ ರಂಗಕ್ಕೆ ಬರಬಯಸುವ ವಿದ್ಯಾರ್ಥಿಗಳಿಗೆ ಡಾಕ್ಟರಾಗುವುದೊಂದೇ ದಾರಿಯಲ್ಲ. ಆ ದಾರಿ ಬಹು ಉದ್ದವೂ ಹೌದು: ಎಂ.ಬಿ.ಬಿ.ಎಸ್., ಆಮೇಲೆ ಎಂ.ಡಿ., ಅದರ ಮೇಲೆ ಮೂರು ವರ್ಷದ ಡಿ.ಎಂ. ನೆಫ್ರಾಲಜಿ. ನೀಟ್ ಪರೀಕ್ಷೆಯಲ್ಲಿ ಸೀಟು ತಪ್ಪಿತೆಂದು ಮನೆಯಲ್ಲಿ ಶೋಕ ಆಚರಿಸುವ ಮೊದಲು, ಡಯಾಲಿಸಿಸ್ ತಂತ್ರಜ್ಞಾನದಲ್ಲೇ ಬಿ.ಎಸ್ಸಿ. ಪದವಿ ಇದೆ, ಮಣಿಪಾಲದಲ್ಲೂ ಅದನ್ನು ಕಲಿಸುತ್ತಾರೆ ಎಂಬುದನ್ನು ಹೆತ್ತವರು ತಿಳಿದಿರಲಿ. ರೋಗಿಯ ಪಕ್ಕದಲ್ಲಿ ನಾಲ್ಕು ಗಂಟೆ ಇರುವವರು ತಂತ್ರಜ್ಞರೇ. ಒಂದು ಸಲದ ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ಸುಮಾರು 120 ಲೀಟರ್ ದ್ರವ ಪೊರೆಯ ಆಚೆ ಬದಿಯಲ್ಲಿ ಹರಿದುಹೋಗುತ್ತದೆ. ಆ ನೀರು ಶುದ್ಧವಿಲ್ಲದಿದ್ದರೆ ಯಂತ್ರವೇ ವಿಷ ಉಣಿಸಿದಂತೆ. ಇದನ್ನು ಕಾಯುವವರ ಸಂಬಳ ಅವರ ಹೊಣೆಗೆ ತಕ್ಕಂತಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಇಂಜಿನಿಯರಿಂಗಿನಲ್ಲಿ ಒಲವುಳ್ಳವರಿಗೆ ಬಯೋಮೆಡಿಕಲ್ ವಿಭಾಗವಿದೆ. ಸಿಯಾಟಲ್‌ನಲ್ಲಿ ಸ್ಕ್ರಿಬ್ನರ್ ಅವರ ಕೈ ಹಿಡಿದದ್ದು ಕೊಳವೆ ಬಗ್ಗಿಸಬಲ್ಲ ಅಂಥ ಒಬ್ಬ ಮನುಷ್ಯನೇ.

ಕೆಲಸವೇನೂ ಮುಗಿದಿಲ್ಲ. ಹೊಟ್ಟೆಯೊಳಗಿನ ಪೊರೆಯನ್ನೇ ಸೋಸುಕವಾಗಿ ಬಳಸಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ 1976ರಿಂದ ಬಳಕೆಗೆ ಬಂದಿದ್ದರೂ ನಮ್ಮಲ್ಲಿ ಅದನ್ನು ಆರಿಸಿಕೊಳ್ಳುವವರು ಕಡಿಮೆ. ದೇಹದೊಳಗೇ ಇಡಬಹುದಾದ ಕೃತಕ ಮೂತ್ರಪಿಂಡ ಇನ್ನೂ ಪ್ರಯೋಗಶಾಲೆಯಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ಸದ್ದಿಲ್ಲದೆ ಮೂತ್ರಪಿಂಡ ಕಳೆದುಕೊಳ್ಳುವವರೇ ಈಗ ಹೆಚ್ಚು. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಎರಡು ಸಣ್ಣ ಪರೀಕ್ಷೆಗಳು ಅದನ್ನು ಮೊದಲೇ ಹೇಳಬಲ್ಲವು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿ ಇದ್ದರೆ ವರ್ಷಕ್ಕೊಮ್ಮೆ ಮಾಡಿಸಿ. ಮೈಕೈ ನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ಗುಳಿಗೆಗಳ ಬಗ್ಗೆಯೂ ಕೇಳಿ ನೋಡಿ.

ಕೋಲ್ಫ್ 1967ರಲ್ಲಿ ಯೂಟಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕೃತಕ ಹೃದಯದ ಬೆನ್ನು ಹತ್ತಿದರು. 1982ರಲ್ಲಿ ಅವರ ತಂಡದ ಕೃತಕ ಹೃದಯ ಪಡೆದ ಬಾರ್ನಿ ಕ್ಲಾರ್ಕ್ 112 ದಿನ ಬದುಕಿದರು. 2002ರಲ್ಲಿ ಲಾಸ್ಕರ್ ಪ್ರಶಸ್ತಿ ಕೋಲ್ಫ್ ಮತ್ತು ಸ್ಕ್ರಿಬ್ನರ್ ಇಬ್ಬರಿಗೂ ಒಟ್ಟಿಗೆ ಬಂತು. ನೊಬೆಲ್ ಬರಲೇ ಇಲ್ಲ. 2009ರ ಫೆಬ್ರವರಿ 11ರಂದು, 98 ತುಂಬಲು ಮೂರು ದಿನ ಇರುವಾಗ, ಅವರು ತೀರಿಕೊಂಡರು.